ಬೇಸಿಗೆಲಿ ಬೆಟ್ಟಕ್ಕೆ ಹೊರಟಿರೋ ಪುಟ್ಟಿಗೆ

ಪುಟ್ಟಿ,

ಮುಂದಿನ ಭಾನುವಾರ ಫ್ರೆಂಡ್ಸ್ ಜೊತೆ ಬೆಟ್ಟಕ್ಕೆ ಹೋಗ್ತಿದೀಯಂತೆ, ನಿಮ್ಮಮ್ಮ ಫೋನ್ ಮಾಡಿದ್ಲು, ಹೇಳೋವಾಗ ಅರ್ಧ ಭಯ ಅರ್ಧ ಸಿಟ್ಟು ಅವಳಿಗೆ, ನೀನಾದ್ರೂ ಬೇಡ ಅಂತ ಹೇಳೇ ಅಂದ್ಲು. ನಾನು ಬೇಡ ಅನ್ನಲ್ಲ. ಹೋಗು. ಆದ್ರೆ ಚಳಿಗಾಲದಲ್ಲಿ ಹತ್ತೋ ಬೆಟ್ಟಕ್ಕೂ ಈ ಸುಡು ಬಿಸಿಲಲ್ಲಿ ಹತ್ತೋ ಬೆಟ್ಟಕ್ಕೂ ಲೆಕ್ಕನೇ ಬೇರೆ, ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಮರ್ತುಬಿಡ್ತೀಯ ಅಂತ ಗೊತ್ತು, ಅದಕ್ಕೇ ಕೂತು ಬರೀತಿದೀನಿ. ಉದ್ದ ಆಗುತ್ತೆ, ಪೂರ್ತಿ ಓದು.

ಮೊದಲನೇದು ಟೈಮು. ನೀವೆಲ್ಲ ಮೇಲೆ ಎಷ್ಟೊತ್ತಿಗೆ ತಲುಪ್ತೀವಿ ಅಂತ ಪ್ಲಾನ್ ಮಾಡ್ತೀರ. ನಾನು ಹೇಳೋದು, ಕೆಳಗೆ ಎಷ್ಟೊತ್ತಿಗೆ ಬಂದು ಸೇರಿರ್ಬೇಕು ಅನ್ನೋದನ್ನ ಮೊದ್ಲು ಗಟ್ಟಿ ಮಾಡ್ಕೊ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬಾ. ಬಿಸಿಲು ಜೋರಾಗೋದು ಹತ್ತು ಹತ್ತೂವರೆ ಮೇಲೆ, ಆದ್ರೆ ಗಾಳಿ ನಿಜವಾಗ್ಲೂ ಕಾಯೋದು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ, ಬಂಡೆ ಅಂತೂ ಅದಾದ್ಮೇಲೂ ಬಿಸಿ ಬಿಡ್ತಾನೇ ಇರುತ್ತೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಪಾರ್ಕಿನೋರು ಬೇಸಿಗೆಲಿ ಬೆಳಗ್ಗೆ 10ರಿಂದ ಸಂಜೆ 4ರ ತನಕ ಕಣಿವೆ ಒಳಗೆ ನಡೀಬೇಡಿ ಅಂತ ಎಚ್ಚರಿಕೆ ಕೊಡ್ತಾರೆ, ನನಗೆ ಕೇಳಿದ್ರೆ ಆ ಟೈಮನ್ನ ಎಲ್ಲಾ ಕಡೆಗೂ ಇಟ್ಕೋಬಹುದು.

ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದಕ್ಕೆ 1892ರಲ್ಲಿ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟಿದಾನೆ, ಈಗ್ಲೂ ಬಳಸ್ತಾರೆ. 5 ಕಿಲೋಮೀಟರ್ ನಡೆಯೋಕೆ ಒಂದು ಗಂಟೆ, ಅದರ ಮೇಲೆ ಹತ್ತೋ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಅಂದ್ರೆ ಹೋಗ್ಬರೋಕೆ 10 ಕಿಲೋಮೀಟರ್, 600 ಮೀಟರ್ ಏರು ಇದ್ರೆ ಮೂರು ಗಂಟೆ. ಆದ್ರೆ ಇದು ಗಟ್ಟಿ ಕಾಲಿನೋರಿಗೆ, ಎಲ್ಲೂ ಕೂರದೆ, ಫೋಟೋ ತೆಗೀದೆ. ನಿಮ್ಮ ಗುಂಪಿಗೆ, ಈ ಸೆಕೆಗೆ, ಐದು ಗಂಟೆ ಅಂತಿಟ್ಕೊ. ಹತ್ತೂವರೆಗೆ ಕೆಳಗಿರ್ಬೇಕು ಅಂದ್ರೆ ಐದೂವರೆಗೆ ಹತ್ತೋಕೆ ಶುರು ಮಾಡಿರ್ಬೇಕು. ಕತ್ತಲಿದ್ರೆ ಟಾರ್ಚ್ ಇಟ್ಕೊಂಡು ಶುರು ಮಾಡಿ, ಪರವಾಗಿಲ್ಲ. ಐದೂವರೆಗೆ ಅಂದ್ರೆ ಬೆಟ್ಟದ ಬುಡದಲ್ಲಿ ಐದೂವರೆ, ಮನೇಲಿ ಅಲಾರಾಂ ಹೊಡೆಯೋದಲ್ಲ.

ಇದರ ಜೊತೆಗೇ ವಾಪಸ್ ತಿರುಗೋ ಟೈಮ್ ಒಂದು ಹೊರಡೋಕ್ ಮುಂಚೇನೇ ಎಲ್ರೂ ಸೇರಿ ಒಪ್ಕೊಬೇಕು. ಎಂಟೂವರೆ ಅಂದ್ರೆ ಎಂಟೂವರೆ. ತುದಿ ಕಣ್ಣಿಗೆ ಕಾಣ್ತಿದ್ರೂ ತಿರುಗೋದೇ. ಪ್ರತಿ ಗುಂಪಲ್ಲೂ ಒಬ್ಬ ಇರ್ತಾನೆ, ಇನ್ನೇನು ಬಂದೇಬಿಡ್ತು ಹತ್ತೇ ನಿಮಿಷ ಅಂತಾನೆ, ಅವನ ಹತ್ತು ನಿಮಿಷ ಯಾವತ್ತೂ ಮುಕ್ಕಾಲು ಗಂಟೇನೇ. ಮೇಲೆ ಹೋಗಿ ಯೋಚ್ನೆ ಮಾಡೋಣ ಅಂದ್ಕೊಂಡ್ರೆ ಆಗಲ್ಲ, ಯಾಕಂದ್ರೆ ಬಿಸಿಲಲ್ಲಿ ಸುಸ್ತಾದಾಗ ತಲೇನೇ ಮೊದಲು ಕೈಕೊಡೋದು. ಇಳಿಯೋದು ಸುಲಭ ಅಂತಾನೂ ಅಂದ್ಕೋಬೇಡ. ಅಷ್ಟೊತ್ತಿಗೆ ಬಿಸಿಲು ಏರಿರುತ್ತೆ, ನೀರು ಖಾಲಿ ಆಗ್ತಾ ಬಂದಿರುತ್ತೆ, ತೊಡೆ ನಡುಗ್ತಿರುತ್ತೆ, ಒಣ ದಾರೀಲಿ ಸಣ್ಣ ಸಣ್ಣ ಕಲ್ಲು ಉರುಳ್ತವೆ, ಜಾರಿ ಬೀಳೋದು ಜಾಸ್ತಿ ಆಗೋದು ಆಗಲೇ. ದಾರಿ ಯಾವ ಕಡೆ ಇಳಿಜಾರಲ್ಲಿದೆ ಅನ್ನೋದನ್ನೂ ಮ್ಯಾಪಲ್ಲಿ ನೋಡ್ಕೊ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು ಬೆಳಗ್ಗೆ ನೆರಳಲ್ಲಿರುತ್ತೆ, ಅದೇ ಮಧ್ಯಾಹ್ನದ ಮೇಲೆ ಹೆಂಚು.

ಮೇಲೆ ಹೋದಷ್ಟೂ ತಂಪು ಅಂತ ನೀನು ವಾದ ಮಾಡ್ತೀಯ, ಗೊತ್ತು. ನಿಜಾನೇ, 1000 ಮೀಟರ್ ಮೇಲೆ ಹೋದ್ರೆ ಸರಾಸರಿ ಆರೂವರೆ ಡಿಗ್ರಿ ಕಮ್ಮಿ ಆಗುತ್ತೆ. ಹಾಗಾದ್ರೆ 600 ಮೀಟರಿಗೆ ನಾಲ್ಕು ಡಿಗ್ರಿ, ಬುಡದಲ್ಲಿ 36 ಇದ್ರೆ ತುದೀಲಿ 32, ಅದೇನು ತಂಪು ಹೇಳು? ಅದೇ 1000 ಮೀಟರಿಗೆ ಚರ್ಮ ಸುಡೋ ಅಲ್ಟ್ರಾವಯಲೆಟ್ ಕಿರಣ ಹೆಚ್ಚುಕಮ್ಮಿ ಹತ್ತು ಪರ್ಸೆಂಟ್ ಜಾಸ್ತಿ ಆಗುತ್ತೆ. ಮೇಲಿನ ಗಾಳಿಗೆ ಬೆವರು ಅಲ್ಲಲ್ಲೇ ಆರಿಹೋಗಿ ನಾನು ಬೆವರ್ತಾನೇ ಇಲ್ಲ ಅನ್ಸುತ್ತೆ, ಕೈ ಮೇಲೆ ಉಪ್ಪಿನ ಬಿಳಿ ಪುಡಿ ಕಾಣಿಸಿದಾಗ್ಲೇ ಎಷ್ಟು ಹೋಗಿದೆ ಅಂತ ಗೊತ್ತಾಗೋದು. ಇನ್ನೊಂದು, ಹತ್ತೋವಾಗ ದೇಹ ಖರ್ಚು ಮಾಡೋ ಶಕ್ತೀಲಿ ಕಾಲು ಭಾಗ ಕೂಡ ಹತ್ತೋ ಕೆಲಸಕ್ಕೆ ಹೋಗಲ್ಲ, ಮಿಕ್ಕಿದ್ದೆಲ್ಲ ಒಳಗೇ ಬಿಸಿ ಆಗೋದು. ಸೂರ್ಯ ಹೊರಗಿಂದ ಕಾಯಿಸ್ತಾನೆ, ನಿನ್ನ ಕಾಲು ಒಳಗಿಂದ. ಅದಕ್ಕೇ ಬೇಸಿಗೆಲಿ ಹತ್ತೋ ಸ್ಪೀಡ್ ಹೇಗಿರ್ಬೇಕು ಅಂದ್ರೆ ಪಕ್ಕದೋರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ಬೇಕು, ಮಾತು ತುಂಡು ತುಂಡಾದ್ರೆ ನಿಧಾನ ಮಾಡು. ಸೆಕೆಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು, ಇಡೀ ದಿನ ಎಸಿ ರೂಮಲ್ಲಿ ಕೂತು ಕೆಲಸ ಮಾಡೋ ನೀನು ಇವತ್ತಿಂದಾನೇ ಸಂಜೆ ಹೊತ್ತು ಮುಕ್ಕಾಲು ಗಂಟೆ ಬಿರುಸಾಗಿ ನಡೀ, ಒಂದು ವಾರಕ್ಕೆ ಪೂರ್ತಿ ಆಗ್ದಿದ್ರೂ ಒಂದಷ್ಟು ಆಗುತ್ತೆ.

ಈಗ ನೀರು. ಬೆವರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಸಲೀಸಾಗಿ ಹೋಗುತ್ತೆ, ಕಡಿದಾದ ಏರಲ್ಲಿ ಇನ್ನೂ ಜಾಸ್ತಿ. ಹದಿನೈದಿಪ್ಪತ್ತು ನಿಮಿಷಕ್ಕೊಂದ್ಸಲ ಒಂದು ಲೋಟದಷ್ಟು ಕುಡೀತಾ ಇರು, ಐದು ಗಂಟೆ ದಾರಿಗೆ ಮೂರರಿಂದ ನಾಲ್ಕು ಲೀಟರ್ ಹೊತ್ಕೊಂಡು ಹೋಗು. ಭಾರ ಅಂತ ಗೊಣಗ್ಬೇಡ, ಕುಡಿದಷ್ಟೂ ಇಳಿಯುತ್ತೆ. ಮ್ಯಾಪಲ್ಲಿ ಹಳ್ಳ ತೋರಿಸ್ತಿದೆ ಅಂತ ಅದನ್ನ ನಂಬಬೇಡ, ಬೇಸಿಗೆಲಿ ಅಲ್ಲಿ ಬರೀ ಕಲ್ಲಿರುತ್ತೆ, ನೀರಿದ್ರೂ ನಿಂತ ನೀರು, ಶುದ್ಧ ಮಾಡ್ದೆ ಕುಡಿಯಂಗಿಲ್ಲ. ಅರ್ಧ ನೀರು ಖಾಲಿ ಆದ್ರೆ ಎಲ್ಲಿದೀರೋ ಅಲ್ಲಿಂದಾನೇ ವಾಪಸ್, ಗಡಿಯಾರದಲ್ಲಿ ಇನ್ನೂ ಟೈಮ್ ಇದ್ರೂ ಸರಿ.

ನಾನೂ ಹೆಂಗಸೇ ಅಲ್ವಾ, ಅದಕ್ಕೆ ಇದನ್ನೂ ಹೇಳ್ತೀನಿ. ಎಷ್ಟೋ ಹುಡುಗೀರು ದಾರೀಲಿ ಮರೆ ಸಿಗಲ್ಲ ಅಂತ ನೀರೇ ಕುಡಿಯಲ್ಲ. ಆ ಕೆಲಸ ಮಾಡ್ಬೇಡ. ಗುಂಪಲ್ಲಿ ಇನ್ನೊಬ್ಳಿಗೆ ಹೇಳಿ ಕಾವಲು ನಿಲ್ಲಿಸ್ಕೊಂಡು ಹೋಗ್ಬಾ, ಅದರಲ್ಲಿ ನಾಚಿಕೆ ಪಡೋಂಥದ್ದೇನೂ ಇಲ್ಲ. ಮೂತ್ರ ತಿಳಿ ಹಳದಿ ಇದ್ರೆ ಸರಿಯಾಗಿದೀಯ ಅಂತ, ಗಾಢ ಆಗಿದ್ರೆ ಅಥವಾ ನಾಲ್ಕೈದು ಗಂಟೆ ಹೋಗೋಕೇ ಬಂದಿಲ್ಲ ಅಂದ್ರೆ ನೀರು ಸಾಲ್ತಿಲ್ಲ.

ಹಾಗಂತ ಬರೀ ನೀರನ್ನ ಲೀಟರ್‌ಗಟ್ಟಲೆ ಸುರ್ಕೊಳ್ಳೋದೂ ಅಪಾಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆವರಲ್ಲಿ ಉಪ್ಪು ಹೋಗ್ತಿರುತ್ತೆ, ಮೇಲಿಂದ ಬರೀ ನೀರು ತುಂಬಿಸ್ತಾ ಹೋದ್ರೆ ರಕ್ತದಲ್ಲಿ ಸೋಡಿಯಂ ತೆಳ್ಳಗಾಗಿಬಿಡುತ್ತೆ, ತಲೆನೋವು, ವಾಂತಿ, ಕೈ ಬೆರಳು ಊದ್ಕೊಂಡು ಉಂಗುರ ಬಿಗಿಯಾಗೋದು, ಜಾಸ್ತಿ ಆದ್ರೆ ಗೊಂದಲ, ಫಿಟ್ಸ್. ನೋಡೋಕೆ ಬಿಸಿಲಿನ ಸುಸ್ತಿನ ಥರಾನೇ ಇರುತ್ತೆ, ಅದಕ್ಕೆ ಜನ ಇನ್ನೂ ನೀರು ಕುಡಿಸ್ತಾರೆ. ಗಂಟೆಗೆ 1.4 ಲೀಟರ್ ದಾಟಬೇಡ, ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಹಾಕ್ಕೊ, ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತಿದ್ಯೋ ಅಷ್ಟಕ್ಕೇ. ಉಪ್ಪು ಖಾರದ ಕುರುಕಲು ಏನಾದ್ರೂ ಆಗಾಗ ಬಾಯಿಗೆ ಹಾಕ್ಕೊಳ್ತಿರು, ಹಸಿವಿಲ್ಲದಿದ್ರೂ.

ಒಂದ್ಸಲ ನಮ್ಮ ಗುಂಪಲ್ಲಿ ಒಬ್ಬ ಹುಡುಗ ಇದ್ದ, ದಿನಾ ಓಡೋ ಹುಡುಗ, ಎಲ್ರಿಗಿಂತ ಮುಂದೆ ಇರ್ತಿದ್ದ. ಇಳಿಯೋವಾಗ ಹಿಂದೆ ಬೀಳೋಕೆ ಶುರು ಮಾಡ್ದ, ಮಾತು ಕಮ್ಮಿ ಆಯ್ತು. ಒಂದು ಕಡೆ ನಿಂತಾಗ ಬ್ಯಾಗಿನ ಜಿಪ್ ಹಾಕೋಕೆ ನೋಡ್ತಿದಾನೆ, ಹಿಡಿ ಬೆರಳಿಗೇ ಸಿಕ್ತಿಲ್ಲ, ಎಳೀತಾನೆ, ಬಿಡ್ತಾನೆ, ಮತ್ತೆ ಅದೇ ಜಾಗಕ್ಕೆ ಕೈ ಹಾಕ್ತಾನೆ. ಏನಾಯ್ತೋ ಅಂದ್ರೆ ರೇಗಿಬಿಟ್ಟ, ನನಗೇನೂ ಆಗಿಲ್ಲ ನಡೀರಿ ಅಂದ. ಮುಖ ಕೆಂಪು, ಶರ್ಟು ಪೂರ್ತಿ ಒದ್ದೆ. ನಾವು ಅವನ ಮಾತು ಕೇಳ್ಲಿಲ್ಲ, ಬಂಡೆ ನೆರಳಲ್ಲಿ ಮಲಗಿಸಿ ಶೂ ಬಿಚ್ಚಿ ಕುತ್ತಿಗೆಗೆ ಎದೆಗೆ ಕಂಕುಳಿಗೆ ನೀರು ಸುರಿದು, ಇಬ್ರು ಕೂರೋ ಮ್ಯಾಟಿಂದ ಗಾಳಿ ಬೀಸಿದ್ವಿ, ಹೆಸರೇನು ಇವತ್ತು ಯಾವ ವಾರ ಅಂತ ಕೇಳ್ತಾನೇ ಇದ್ವಿ. ಸ್ವಲ್ಪ ಹೊತ್ತಲ್ಲಿ ಸರಿಯಾಗಿ ಉತ್ತರ ಕೊಟ್ಟ, ಆಮೇಲೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ, ಬಿಸಿಲು ಇಳಿಯೋ ತನಕ ಅಲ್ಲೇ ಇದ್ದು, ಅವನ ಬ್ಯಾಗನ್ನ ಹಂಚ್ಕೊಂಡು ಇಳಿದ್ವಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಬಿಸಿಲು ತಲೆಗೇರಿದೋರಿಗೆ ಅದು ಗೊತ್ತಾಗಲ್ಲ, ಪಕ್ಕದೋರೇ ನೋಡ್ಬೇಕು. ಜೋಡಿ ಮಾಡ್ಕೊಳ್ಳಿ, ಇಬ್ಬಿಬ್ರು ಒಬ್ಬರನ್ನೊಬ್ರು ಗಮನಿಸ್ತಿರ್ಬೇಕು. ತಲೆನೋವು, ವಾಕರಿಕೆ, ತಲೆಸುತ್ತು, ಕಾಲು ಹಿಡ್ಕೊಳ್ಳೋದು, ಇಷ್ಟೇ ಇದ್ರೆ ನೆರಳು, ವಿಶ್ರಾಂತಿ, ಉಪ್ಪು ಸಕ್ಕರೆ ನೀರು, ಆ ದಿನದ ಹತ್ತೋದು ಅಲ್ಲಿಗೆ ಮುಗೀತು. ಆದ್ರೆ ತೊದಲೋದು, ತೂರಾಡೋದು, ಅರ್ಥ ಇಲ್ದೆ ಮಾತಾಡೋದು, ಪ್ರಜ್ಞೆ ತಪ್ಪೋದು ಕಂಡ್ರೆ ಅದು ಹೀಟ್ ಸ್ಟ್ರೋಕ್ ಅಂತಾನೇ ತಿಳ್ಕೊ, ಒಳಗಿನ ಶಾಖ 40 ಡಿಗ್ರಿ ದಾಟಿರುತ್ತೆ. ಬೆವರು ನಿಂತಿರುತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಬೆಟ್ಟ ಹತ್ತಿ ಸುಸ್ತಾಗಿ ಬಂದ ಹೀಟ್ ಸ್ಟ್ರೋಕಲ್ಲಿ ಬೆವರು ಸುರೀತಾನೇ ಇರಬಹುದು, ಅದನ್ನ ನಂಬ್ಕೊಂಡು ಕೂರಬೇಡ. ತಕ್ಷಣ ಮೈ ತಂಪು ಮಾಡ್ಬೇಕು, ಹತ್ರ ಸುರಕ್ಷಿತ ನೀರಿದ್ರೆ ತಲೆ ಎತ್ತಿ ಹಿಡಿದು ಮೈಯನ್ನ ಅದ್ದಬೇಕು, ಇಲ್ಲಾಂದ್ರೆ ಇರೋಬರೋ ನೀರೆಲ್ಲ ಸುರಿದು ಗಾಳಿ ಹಾಕ್ಬೇಕು, ಜೊತೆಗೇ ಒಬ್ರು ತುರ್ತು ನಂಬರಿಗೆ ಫೋನ್ ಮಾಡ್ಬೇಕು. ಹೊತ್ಕೊಂಡು ಕೆಳಗಿಳಿಸೋ ಅವಸರದಲ್ಲಿ ತಂಪು ಮಾಡೋದನ್ನ ಬಿಡಬಾರದು, ಮೊದಲ ಅರ್ಧ ಗಂಟೇನೇ ಮುಖ್ಯ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡಲ್ಲ, ಇದು ಜ್ವರ ಅಲ್ಲ. ಪ್ರಜ್ಞೆ ಸರಿ ಇಲ್ಲದೋರ ಬಾಯಿಗೆ ನೀರು ಹಾಕ್ಬಾರದು.

ಬಟ್ಟೆ ಬಗ್ಗೆ ನಿನಗೆ ನಾನು ಹೇಳೋಕ್ ಹೋದ್ರೆ ನಗ್ತೀಯ, ಆದ್ರೂ ಸಡಿಲವಾಗಿರೋ ತಿಳಿ ಬಣ್ಣದ ಫುಲ್ ತೋಳಿಂದು, ಕುತ್ತಿಗೆ ಮುಚ್ಚೋ ಅಗಲ ಅಂಚಿನ ಟೋಪಿ. ಸನ್‌ಸ್ಕ್ರೀನ್ ಬೆಳಗ್ಗೆ ಒಂದ್ಸಲ ಬಳ್ಕೊಂಡ್ರೆ ಆಗಲ್ಲ, ಎರಡು ಗಂಟೆಗೊಂದ್ಸಲ. ಹೊಸ ಶೂ ಬೇಡ, ಸೆಕೆಗೆ ಪಾದ ಊದುತ್ತೆ, ಒಂದು ಜೊತೆ ಒಣ ಸಾಕ್ಸ್ ಇಟ್ಕೊ, ಹಿಮ್ಮಡಿ ಉರಿಯೋಕೆ ಶುರುವಾದ ತಕ್ಷಣ ನಿಂತು ಟೇಪ್ ಹಚ್ಚು, ಬೊಬ್ಬೆ ಎದ್ದ ಮೇಲಲ್ಲ. ಫೋನನ್ನ ಬ್ಯಾಗ್ ಒಳಗೆ ಬಟ್ಟೆ ಮಧ್ಯೆ ಇಡು, ಬಿಸಿಲಲ್ಲಿ ಕಾದ್ರೆ ಬೇಕಾದಾಗ್ಲೇ ಆಫ್ ಆಗುತ್ತೆ. ಹಿಂದಿನ ದಿನ ಜ್ವರ, ಭೇದಿ, ನಿದ್ದೆಗೆಟ್ಟ ಪಾರ್ಟಿ, ಯಾವುದಾದ್ರೂ ಇದ್ರೆ ಹೋಗ್ಲೇಬೇಡ. ಅಲರ್ಜಿ ಮಾತ್ರೆ ತಗೋತೀಯಲ್ಲ, ಕೆಲವು ಬೆವರನ್ನ ಕಮ್ಮಿ ಮಾಡ್ತವೆ, ನಿನ್ನ ಡಾಕ್ಟರನ್ನ ಒಂದು ಮಾತು ಕೇಳು.

ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗೋದು ಬೇಸಿಗೆ ಬೆಟ್ಟದಲ್ಲಿ ಮಾಮೂಲು, ಬೇಗ ಇಳೀರಿ ಅನ್ನೋದಕ್ಕೆ ಇದೂ ಒಂದು ಕಾರಣ. ಗುಡುಗು ಕೇಳಿಸ್ತು ಅಂದ್ರೆ ಸಿಡಿಲು ನಿಮ್ಮನ್ನ ಮುಟ್ಟೋ ದೂರದಲ್ಲೇ ಇದೆ ಅಂತ, ಬೆಟ್ಟದ ನೆತ್ತಿಯ ಏಣು ಮತ್ತೆ ಒಂಟಿ ಮರ ಬಿಟ್ಟು ಕೆಳಗಿಳೀರಿ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ಮತ್ತೆ ಮೇಲೆ ಹೋಗ್ಬೇಡಿ.

ನಿಮ್ಮಮ್ಮನ್ನ ನಾನು ಸಮಾಧಾನ ಮಾಡ್ತೀನಿ. ನೀನು ಶನಿವಾರ ರಾತ್ರಿ ಮಲಗೋಕ್ ಮುಂಚೆ ಯಾವ ದಾರಿ, ಯಾರ್ಯಾರು, ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ತಿರುಗ್ತೀರ, ಎಷ್ಟೊತ್ತಿಗೆ ಕೆಳಗಿರ್ತೀರ ಅಂತ ನನಗೆ ಮೆಸೇಜ್ ಹಾಕು. ಕೆಳಗೆ ಬಂದ ತಕ್ಷಣ ಇನ್ನೊಂದು. ನೀನು ಹೇಳಿದ ಟೈಮಿಗೆ ಎರಡು ಗಂಟೆ ಮೀರಿದ್ರೆ ನಾನು ಕಾಯಲ್ಲ, ಫೋನ್ ಮಾಡಬೇಕಾದೋರಿಗೆಲ್ಲ ಮಾಡ್ತೀನಿ, ಆಮೇಲೆ ಮರ್ತೇ ಹೋಯ್ತು ಚಿಕ್ಕಮ್ಮ ಅಂದ್ರೆ ಬೈಸ್ಕೋತೀಯ.

ಇಂತಿ ನಿನ್ನ
ಚಿಕ್ಕಮ್ಮ