ಅಕ್ಷರಕ್ಕೂ ಮೊದಲಿನ ಕಲಿಕೆ

ಮಾನ್ಯರೇ,

ಕೊಪ್ಪಳದ ನಮ್ಮ ಬಡಾವಣೆಯ ಶಿಶುವಿಹಾರವೊಂದರಲ್ಲಿ ಮೂರೂವರೆ ವರ್ಷದ ನನ್ನ ಮಗಳಿಗೆ ದಿನವೂ ಎರಡು ಪುಟ ಅಕ್ಷರ ತಿದ್ದಿಸುತ್ತಾರೆ. ಪೆನ್ಸಿಲ್ ಒತ್ತಿ ಹಿಡಿದು ಅವಳ ಬೆರಳ ತುದಿ ಕೆಂಪಾಗಿರುತ್ತದೆ. ಆ ಎಳೆಯ ಕೈಗೆ ಬೇಕಾದದ್ದು ಮಣ್ಣು ಕಲಸುವ, ಮಣಿ ಪೋಣಿಸುವ, ಕಾಗದ ಹರಿದು ಅಂಟಿಸುವ ಕೆಲಸ, ಏಕೆಂದರೆ ಮುಂದೆ ಬರೆಯುವ ಹಿಡಿತ ಬೆರಳಿಗೆ ಬರುವುದು ಅಲ್ಲಿಂದಲೇ. ಕಥೆ ಕೇಳುತ್ತ ಮಾತು ಬೆಳೆಯುತ್ತದೆ, ಜಾರುಬಂಡೆಯ ಮುಂದೆ ಸರದಿ ಕಾಯುತ್ತ ತಾಳ್ಮೆ, ಹುಣಸೆ ಬೀಜಗಳನ್ನು ಗುಂಪು ಮಾಡುತ್ತ ಎಣಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರ ಕಲಿಕೆಗೆ ಆಟವನ್ನೇ ಆಧಾರವಾಗಿಸಿದೆ. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಗ್ರಾಮ ಪಕ್ಕದಲ್ಲೇ ಇರುವಾಗ, ಅಲ್ಲಿನ ಕುಶಲಕರ್ಮಿಗಳಿಂದ ಸುರಕ್ಷಿತ ಬಣ್ಣದ ಮರದ ಗೊಂಬೆಗಳನ್ನು ಮಾಡಿಸಿ ಜಿಲ್ಲೆಯ ಅಂಗನವಾಡಿ ಹಾಗೂ ಎಲ್‌ಕೆಜಿ ತರಗತಿಗಳಿಗೆ ಒದಗಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಒಬ್ಬ ತಾಯಿ, ಕೊಪ್ಪಳ