ಮಗಳಿಗೊಂದು ಪತ್ರ: ಮುಂಬಯಿಯಲ್ಲಿ ಕಂಡ ನಮ್ಮೂರ ಗುಮ್ಮಟ

ವಿಜಯಪುರ

ಚಿ. ಸೌ. ಮಗಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮದಿಂದಿದ್ದೇವೆ. ಮೈಸೂರಿನಲ್ಲಿ ಅಳಿಯಂದಿರು ಮತ್ತು ಮಕ್ಕಳು ಆರೋಗ್ಯವಾಗಿದ್ದಾರೆಂದು ತಿಳಿದಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು, “ಅಪ್ಪಾ, ಮುಂಬೈಕ್ಕ ಹೋಗಿ ಪೋಸ್ಟ್ ಆಫೀಸ್ ನೋಡಿ ಬಂದಿಯೇನು?” ಎಂದು ಕೇಳಿ ಬಹಳ ಹೊತ್ತು ನಕ್ಕೆ. ಆ ನಗುವಿಗೆ ನನ್ನ ತಕರಾರಿಲ್ಲ. ಆದರೆ ಸರಿಯಾದ ಉತ್ತರ ಕೊಡುವಷ್ಟು ಹೊತ್ತು ಫೋನು ನನ್ನ ಕೈಯಲ್ಲಿ ಉಳಿಯಲಿಲ್ಲ. ನಿಮ್ಮವ್ವ ಅದಾಗಲೇ ಕೈ ಚಾಚಿ ನಿಂತಿದ್ದಳು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನೀವೂ ಮುಂಬಯಿ ನೋಡಲು ಹೋಗುವವರಿದ್ದೀರಿ ಎಂದು ಹೇಳಿದ್ದರಿಂದ, ನಾವು ಕಂಡದ್ದನ್ನೂ ಕಾಣದೆ ಬಂದದ್ದನ್ನೂ ಬರೆದು ತಿಳಿಸುವುದು ಒಳ್ಳೆಯದೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ದುಡಿದ ನನಗೆ ಮುಂಬಯಿ ಎಂಬ ಊರು ಮೊದಲು ಪರಿಚಯವಾದದ್ದು ಠಸ್ಸೆಯ ರೂಪದಲ್ಲಿ. ನಮ್ಮ ಜಿಲ್ಲೆಯಲ್ಲಿ ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಹಳ್ಳಿಗಳಿಂದ ಜನ ಗುಳೆ ಹೊರಟರೆ, ಎರಡು ಮೂರು ತಿಂಗಳಿಗೆ ಅವರ ಮನಿ ಆರ್ಡರುಗಳು ಬರತೊಡಗುತ್ತಿದ್ದವು. ಫಾರ್ಮಿನ ತುದಿಯ ಕೂಪನ್ನಿನಲ್ಲಿ ಯಾರಿಂದಲೋ ಬರೆಯಿಸಿದ ಎರಡು ಸಾಲು ಇರುತ್ತಿತ್ತು: ಬೀಜಕ್ಕೆ ಇಟ್ಟುಕೊಳ್ಳಿರಿ, ಎಮ್ಮೆ ಮಾರಬೇಡಿರಿ. ಅದರ ಪಕ್ಕದಲ್ಲಿಯೇ ಮುಂಬಯಿಯ ದುಂಡನೆಯ ಕಪ್ಪು ಠಸ್ಸೆ. ಹೀಗಿರುವಾಗ ಒಮ್ಮೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಮುಂಬಯಿಯ ದೊಡ್ಡ ಟಪಾಲು ಕಚೇರಿಯನ್ನು ನಮ್ಮ ಗೋಳಗುಮ್ಮಟದ ಮಾದರಿಯಲ್ಲಿಯೇ ಕಟ್ಟಿದ್ದಾರೆಂದು ಹೇಳಿದರು. ಅಂದಿನಿಂದ ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಮನಸ್ಸಿನಲ್ಲಿತ್ತು. ನೌಕರಿಯಲ್ಲಿದ್ದಾಗ ರಜೆ ಸಿಗಲಿಲ್ಲ, ರಜೆ ಸಿಕ್ಕಾಗ ನಿಮ್ಮ ಶಾಲೆಯ ಫೀ ಎದುರಿಗೆ ನಿಂತಿತ್ತು.

ಶನಿವಾರ ಸಂಜೆ ಹೊಸಪೇಟೆಯ ಕಡೆಯಿಂದ ಬರುವ ಮುಂಬಯಿ ರೈಲು ಹತ್ತಿದೆವು. ಸಜ್ಜೆಯ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲವೂ ಚೀಲದಲ್ಲಿದ್ದುದರಿಂದ ಊಟಕ್ಕೆ ತೊಂದರೆಯಾಗಲಿಲ್ಲ. ಸೊಲ್ಲಾಪುರ ದಾಟಿದ ಮೇಲೆ ನಿದ್ದೆ ಹತ್ತಿದ್ದರಿಂದ ಘಾಟು ಇಳಿದದ್ದೇ ತಿಳಿಯಲಿಲ್ಲ. ಎಚ್ಚರವಾದಾಗ ರೈಲು ಮುಂಬಯಿಯೊಳಗೆ ಇತ್ತು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ವಿಷಯ ನಿನಗೆ ಗೊತ್ತೇ ಇದೆ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬವರ ನಕ್ಷೆಯಂತೆ 1878ರಲ್ಲಿ ಕೆಲಸ ಆರಂಭವಾಗಿ ಹತ್ತು ವರ್ಷ ನಡೆದ ಕಟ್ಟಡವದು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಬಾಗಿಲಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕುಳಿತಿವೆ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮ ದೇಶದ್ದು ಎನ್ನುತ್ತಾರೆ. ಮಕ್ಕಳಿಗೆ ತಪ್ಪದೆ ತೋರಿಸು. ನಿಲ್ದಾಣದಿಂದ ವಸತಿಗೆ ಹತ್ತು ನಿಮಿಷದ ದಾರಿಯಿದ್ದರೂ ಟ್ಯಾಕ್ಸಿಯವನೊಬ್ಬ ನಮ್ಮನ್ನು ಅರ್ಧ ಗಂಟೆ ಸುತ್ತಾಡಿಸಿದ. ನಮ್ಮ ಚೀಲ ನೋಡಿಯೇ ಹೊಸಬರೆಂದು ಗುರುತಿಸಿದನೆಂದು ತೋರುತ್ತದೆ. ನೀವು ಮೀಟರು ನೋಡಿಯೇ ಕೂಡಿರಿ.

ಭಾನುವಾರ ಗೇಟ್‌ವೇ ಮತ್ತು ಮರೀನ್ ಡ್ರೈವ್ ನೋಡಿದೆವು. ನಿಮ್ಮವ್ವ ಸಮುದ್ರವನ್ನು ಕಂಡದ್ದು ಅದೇ ಮೊದಲು. ದಂಡೆಯ ಗೋಡೆಯ ಮೇಲೆ ಸೆರಗು ಹೊದ್ದು ಕುಳಿತು ಬಹಳ ಹೊತ್ತು ಸುಮ್ಮನೆ ನೋಡಿ, “ಆಲಮಟ್ಟಿ ತುಂಬಿದಾಗ ಹಿಂಗ ಕಾಣತೈತಿ, ಆದ್ರ ಇದಕ್ಕ ಆಚಿ ದಂಡಿನ ಇಲ್ಲಲ್ರೀ” ಎಂದಳು. ಗೇಟ್‌ವೇ ಕಮಾನಿನ ಕೆಳಗೆ ಜನಜಂಗುಳಿ ಹೇಳತೀರದು. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗಾಗಿ ಕಟ್ಟಿದ ಆ ಕಮಾನು ಪೂರ್ಣಗೊಂಡದ್ದು 1924ರಲ್ಲಿ. ಯಾರ ಸ್ವಾಗತಕ್ಕೆ ಅದು ಎದ್ದಿತೋ ಅವರು ಬಂದಾಗ ಅಲ್ಲಿ ಕಲ್ಲಿನ ಕಮಾನು ಇರಲೇ ಇಲ್ಲ. ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ 1948ರ ಫೆಬ್ರುವರಿಯಲ್ಲಿ ದೇಶ ಬಿಟ್ಟು ಹೋಗುವಾಗ ಮಾತ್ರ ಅದರೊಳಗಿಂದಲೇ ದಾಟಿ ಹಡಗು ಹತ್ತಿತು. ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಹಿಡಿಸಿತು.

ಎಲಿಫೆಂಟಾ ಗುಹೆಗಳನ್ನು ನೋಡಲಾಗಲಿಲ್ಲ. ತಪ್ಪು ನಮ್ಮದೇ. ಅಲ್ಲಿರುವುದು ಶಿವನ ಮೂರ್ತಿಯಾದ್ದರಿಂದ ಸೋಮವಾರವೇ ದರ್ಶನ ಮಾಡೋಣ, ಉಪವಾಸವೂ ಇರುತ್ತೇನೆ ಎಂದು ನಿಮ್ಮವ್ವ ಹಟ ಹಿಡಿದಳು. ಸೋಮವಾರ ಮುಂಜಾನೆ ದೋಣಿಯ ಕಟ್ಟೆಗೆ ಹೋಗಿ ವಿಚಾರಿಸಿದಾಗ, ವಾರದಲ್ಲಿ ಗುಹೆಗಳು ಮುಚ್ಚಿರುವುದು ಅದೊಂದೇ ದಿನ ಎಂದು ತಿಳಿಯಿತು. “ಶಿವನ ವಾರದಾಗ ಶಿವಗ ರಜಾ ಕೊಟ್ಟಾರ” ಎಂದು ಗೊಣಗುತ್ತಲೇ ಬಂದಳು. ನೀವು ಬೇರೆ ದಿನ ಹೋಗಿರಿ. ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಹಡಗುಗಳಿಂದ ಮುತ್ತಿದನೆಂದು ಹೊಗಳಿದ್ದಾನಲ್ಲ, ಆ ಪುರಿ ಎಲಿಫೆಂಟಾ ಗುಹೆಗಳಿರುವ ಇದೇ ಘಾರಾಪುರಿ ದ್ವೀಪವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಬಾದಾಮಿಯ ದೊರೆ ಮುತ್ತಿಗೆ ಹಾಕಿದ ದ್ವೀಪಕ್ಕೆ ಬಾದಾಮಿಯ ನೆರೆಯವರಾದ ನಮಗೆ ಟಿಕೀಟೇ ಸಿಗಲಿಲ್ಲವೆಂದು ನಗುತ್ತ ನಾನು ಟಪಾಲು ಕಚೇರಿಯ ದಾರಿ ಹಿಡಿದೆ.

ಜನರಲ್ ಪೋಸ್ಟ್ ಆಫೀಸು ರೈಲು ನಿಲ್ದಾಣಕ್ಕೆ ತೀರ ಹತ್ತಿರದಲ್ಲಿದೆ. ನಿಲ್ದಾಣವನ್ನು ನೋಡಲು ಬಂದವರಲ್ಲಿ ಇದರತ್ತ ತಿರುಗಿ ನೋಡುವವರನ್ನು ನಾನು ಕಾಣಲಿಲ್ಲ. ಕರಿಯ ಬಸಾಲ್ಟ್ ಕಲ್ಲಿನ ಗೋಡೆ, ಅಂಚುಗಳಿಗೆ ಕುರ್ಲಾದ ಹಳದಿ ಕಲ್ಲು, ನಡುವೆ ದೊಡ್ಡ ಗುಮ್ಮಟ, ಸುತ್ತ ಸಣ್ಣ ಗುಮ್ಮಟಗಳು. ರಸ್ತೆಯ ಆಚೆ ಬದಿಯಲ್ಲಿ ನಿಂತು ಮೊದಲ ಸಲ ತಲೆಯೆತ್ತಿದಾಗ ನನಗೆ ನಿಜವಾಗಿ ಸ್ವಲ್ಪ ನಿರಾಸೆಯಾಯಿತು. ಇಷ್ಟೇನಾ ಎನಿಸಿತು. ಹೊರಗಿನಿಂದ ಸುಮಾರು 44 ಮೀಟರು ವ್ಯಾಸದ ಗುಮ್ಮಟವನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣಿಗೆ ಅದು ಮರಿಯಂತೆ ಕಂಡರೆ ಆಶ್ಚರ್ಯವಿಲ್ಲ. ನಮ್ಮದಕ್ಕೆ ಸುತ್ತಲೂ ಬಯಲಿದೆ, ಊರಿಗೆ ಬರುವವನಿಗೆ ಹರದಾರಿ ದೂರದಿಂದಲೇ ಅದು ಕಾಣಿಸುತ್ತದೆ; ಇದಕ್ಕೆ ಬಸ್ಸು, ಮರ, ತಂತಿ, ಎತ್ತರದ ಕಟ್ಟಡಗಳ ಸಂದಿಯಲ್ಲಿಯೇ ಜಾಗ ಮಾಡಿಕೊಳ್ಳಬೇಕಾಗಿದೆ. ಆದರೆ ಹತ್ತು ನಿಮಿಷ ನಿಂತಲ್ಲಿಯೇ ನಿಂತು ನೋಡಿದಾಗ, ಗುಮ್ಮಟದ ಬಾಗು ನನಗೆ ಪರಿಚಯದ್ದೆನಿಸಿತು. ಪರಊರಿನ ಸಂತೆಯಲ್ಲಿ ಎದುರಾದ ಹುಡುಗನ ಮೂಗು ನೋಡಿ ಇವನು ಇಂಥವರ ಮೊಮ್ಮಗನಿರಬೇಕು ಎಂದುಕೊಳ್ಳುತ್ತೇವಲ್ಲ, ಹಾಗೆ.

ಇದರ ನಕ್ಷೆ ಮಾಡಿದವರು ಜಾನ್ ಬೆಗ್. ಕೆಲಸ ಶುರುವಾದದ್ದು 1904ರಲ್ಲಿ, ಮುಗಿದದ್ದು 1913ರಲ್ಲಿ, ತಗಲಿದ ವೆಚ್ಚ 18 ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು; 1956ರವರೆಗೂ ಹಾಗೆಯೇ ಇತ್ತು. ಆದ್ದರಿಂದ ಮುಂಬಯಿಯ ಸರ್ಕಾರಿ ಕಟ್ಟಡಕ್ಕೆ ಮಾದರಿ ಹುಡುಕುವವರಿಗೆ ಬಿಜಾಪುರವೆಂದರೆ ಪರರಾಜ್ಯವಾಗಿರಲಿಲ್ಲ, ತಮ್ಮದೇ ಪ್ರಾಂತದ ಒಂದು ಜಿಲ್ಲಾಸ್ಥಳವಾಗಿತ್ತು. ಪ್ರಾಂತದ ರಾಜಧಾನಿಯಿಂದ ನಮಗೆ ಬಂದದ್ದು ಹುಕುಮು ಮತ್ತು ಕಂದಾಯದ ನೋಟೀಸು ಮಾತ್ರವೆಂದು ನಾನು ತಿಳಿದಿದ್ದೆ. ನಮ್ಮಿಂದ ಅಲ್ಲಿಗೆ ಹೋದ ವಸ್ತುವೂ ಒಂದಿದೆ ಎಂಬುದು ಆ ರಸ್ತೆಯ ಬದಿಯಲ್ಲಿ ಮನದಟ್ಟಾಯಿತು.

ಒಳಗೆ ಹೋದಾಗ ಮಧ್ಯದ ಹಜಾರದಲ್ಲಿ ಕೌಂಟರುಗಳ ಮುಂದೆ ಸಾಲುಗಳಿದ್ದವು. ನಾನು ಗುಮ್ಮಟದ ಕೆಳಗೆ ನಿಂತು, ಯಾರಿಗೂ ತಿಳಿಯದ ಹಾಗೆ, ಗಂಟಲು ಸರಿಪಡಿಸಿಕೊಳ್ಳುವವನಂತೆ ಜೋರಾಗಿ ಕೆಮ್ಮಿದೆ. ನಮ್ಮಲ್ಲಾದರೆ ಪಿಸುಗುಟ್ಟಿದ ಮಾತು ಮೇಲಿನ ಮೊಗಸಾಲೆಯ ಎದುರು ಬದಿಗೆ ಕೇಳಿಸುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ಇಲ್ಲಿ ನನ್ನ ಕೆಮ್ಮು ಪ್ರಿಂಟರುಗಳ ಸದ್ದಿನಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇನ್ನೊಮ್ಮೆ ಪರೀಕ್ಷಿಸುವ ಮನಸ್ಸಾಗಿತ್ತು. “ಮಂದಿ ನೋಡಾಕತ್ತಾರ, ಸುಮ್ಮನಿರ್ರಿ” ಎಂದು ನಿಮ್ಮವ್ವ ತೋಳು ಹಿಡಿದಳು. ಆಮೇಲೆ ಐವತ್ತು ಪೈಸೆಯ ಎರಡು ಕಾರ್ಡು ತೆಗೆದುಕೊಂಡು, ಗೋಡೆಯ ಬದಿಯ ಮೇಜಿನ ಬಳಿ ನಿಂತು ಒಂದನ್ನು ನಿನಗೆ, ಇನ್ನೊಂದನ್ನು ನನಗೇ ಬರೆದೆ. ವಿಳಾಸದ ಕೊನೆಗೆ 586101 ಎಂದು ನಮ್ಮೂರ ಪಿನ್ ಕೋಡನ್ನು ಬರೆಯುವಾಗ ಕೈ ತುಸು ನಡುಗಿತೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೂವತ್ತಾರು ವರ್ಷ ಈ ಊರಿನ ಚೀಲವನ್ನು ಬಿಚ್ಚಿದ ಕೈಯದು. ಚೀಲ ಕಟ್ಟುವ ತುದಿಯಲ್ಲಿ ನಿಂತು ಒಂದು ಕಾಗದ ಹಾಕಿದ್ದು ಅದೇ ಮೊದಲು.

ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುತ್ತಿದ್ದರು, ಈಗ ಅದಕ್ಕೂ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ. ಬೆಗ್ ಅವರ ಕೈಕೆಳಗೆ ಕೆಲಸ ಮಾಡಿದ ಜಾರ್ಜ್ ವಿಟೆಟ್ 1909ರ ಸ್ಪರ್ಧೆಯಲ್ಲಿ ಗೆದ್ದು ಇದರ ನಕ್ಷೆ ಮಾಡಿದರು. ಗೇಟ್‌ವೇ ಕೂಡ ಅವರದೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದ ಕಟ್ಟಡ 1922ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಹೊರಗಿನಿಂದ ನೋಡಿದರೆ ಇದು ನಮ್ಮ ಗುಮ್ಮಟದಂತಿಲ್ಲ. ಆದರೆ ಒಳಗೆ ಹೋಗಿ ಮಹಡಿಯ ಕಟಾಂಜನದ ಬಳಿ ನಿಂತು ಮೇಲೆ ನೋಡು. ಒಂದನ್ನೊಂದು ಕತ್ತರಿಸುತ್ತ ಹೆಣೆದುಕೊಂಡ ಆ ಕಮಾನುಗಳನ್ನು ವಿಟೆಟ್ ತೆಗೆದುಕೊಂಡದ್ದು ಗೋಳಗುಮ್ಮಟದಿಂದಲೇ.

ನೀನು ಚಿಕ್ಕವಳಿದ್ದಾಗ, ಕಂಬವಿಲ್ಲದೆ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿದೆ ಎಂದು ಕೇಳಿದ್ದೆ. ನಾನು ಸುಣ್ಣದ ಗಾರೆಯ ಬಲವೆಂದು ಹೇಳಿ ತಪ್ಪಿಸಿಕೊಂಡಿದ್ದೆ. ಸರಿಯಾದ ಉತ್ತರ ಆ ಕಮಾನುಗಳಲ್ಲಿದೆ. ನಾಲ್ಕು ಗೋಡೆಗಳ ಚೌಕಕ್ಕೆ ದುಂಡನೆಯ ಗುಮ್ಮಟ ಕೂಡುವುದಿಲ್ಲ. ಅದಕ್ಕಾಗಿ ಎಂಟು ಕಮಾನುಗಳನ್ನು ಹೆಣೆದು ಮೂಲೆಗಳನ್ನು ಒಳಕ್ಕೆ ಚಾಚಿ ತಂದು, ಮೇಲೆ ಗುಮ್ಮಟ ಕೂಡುವಷ್ಟು ಬಾಯಿಯನ್ನು ಕಿರಿದು ಮಾಡಿದ್ದಾರೆ. ಗುಮ್ಮಟದ ಭಾರವು ಗೋಡೆಗಳನ್ನು ಹೊರಕ್ಕೆ ನೂಕುವಾಗ, ಒಳಕ್ಕೆ ಚಾಚಿದ ಈ ಕಟ್ಟಡದ ಭಾರವು ಅದನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿಯ ಮೇಲೆ ಇಂದಿಗೂ ಅದು ಹಾಗೆಯೇ ಜಗ್ಗಿ ಹಿಡಿದಿದೆ. ನಮ್ಮಲ್ಲಿ ಈ ಕಮಾನುಗಳನ್ನು ನೋಡಬೇಕಾದರೆ ನೆಲದ ಮೇಲೆ ನಿಂತು ಕತ್ತು ನೋಯಿಸಿಕೊಳ್ಳಬೇಕು. ಅಲ್ಲದೆ ಏಳಂತಸ್ತು ಹತ್ತಿ ಹೋದವರಿಗೆಲ್ಲ ಕೂಗುವುದೇ ಕೆಲಸವಾಗಿರುತ್ತದೆ. ಮುಂಬಯಿಯ ಸಣ್ಣ ನಕಲಿನಲ್ಲಿ ನನಗೆ ನಮ್ಮ ಅಸಲು ಅರ್ಥವಾಯಿತು. ಮಕ್ಕಳಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಇಲ್ಲಿಗೆ ಕರೆದುಕೊಂಡು ಬಾ. ನಾನು ಜೊತೆಗೆ ಬರುತ್ತೇನೆ.

ಇನ್ನು ಜುಹೂ, ಸಿನೆಮಾದವರ ಬಂಗಲೆಗಳು ಇತ್ಯಾದಿ ನಿನ್ನ ಪಟ್ಟಿಯಲ್ಲಿದ್ದವೆಲ್ಲ ಉಳಿದವು. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಕನ್ನಡದಲ್ಲಿಯೇ ಮಾತಾಡಿ ಉಂಡೆವು. ಸಾರು ಸಿಹಿಯಾಯಿತೆಂದು ನಿಮ್ಮವ್ವ ಚೀಲದಿಂದ ಗುರೆಳ್ಳು ಚಟ್ನಿ ತೆಗೆದಳು.

ನನಗೆ ಬರೆದುಕೊಂಡ ಕಾರ್ಡು ನಾವು ಊರಿಗೆ ಬಂದ ಮೂರನೆಯ ದಿನ ತಲುಪಿತು. ನಿನ್ನದು ಬಂದಿದೆಯೇ? ಬಂದಿದ್ದರೆ ಠಸ್ಸೆಯ ಮೇಲಿನ ತಾರೀಖನ್ನೂ ಕೈಗೆ ಬಂದ ದಿನವನ್ನೂ ಬರೆದು ತಿಳಿಸು, ಫೋನಿನಲ್ಲಿ ಬೇಡ. ಮೊಮ್ಮಗ ಅದರ ಮೇಲೆ ಚಿತ್ರ ಗೀಚುವ ಮೊದಲು ಎತ್ತಿಡು.

ಇತಿ ನಿನ್ನ ತಂದೆ