ಗಾಜು ಒಡೆದ ಫ್ಲಡ್‌ಲೈಟ್ ಉರಿಸಬೇಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆಯ ಅಂಗಳ, ಗೋದಾಮು, ಆಟದ ಮೈದಾನಗಳಲ್ಲಿ ಮೆಟಲ್ ಹಾಲೈಡ್ ಎಂಬ ಬಗೆಯ ಬಲ್ಬ್ ಇರುವ ಫ್ಲಡ್‌ಲೈಟ್‌ಗಳು ಇನ್ನೂ ಇವೆ. ಅವುಗಳ ರಿಪೇರಿಯೇ ನನ್ನ ಕೆಲಸ. ಗಾಜು ಒಡೆದಿದ್ದರೂ ‘ಬೆಳಕು ಬರ್ತಿದೆಯಲ್ಲ, ಇರಲಿ ಬಿಡಿ’ ಅನ್ನುವವರೇ ಜಾಸ್ತಿ. ಅದಕ್ಕೇ ಈ ಪತ್ರ.

ಈ ಬಲ್ಬಿನ ಒಳಗಿನ ಪುಟ್ಟ ಕೊಳವೆಯಿಂದ ನೇರಳಾತೀತ ಕಿರಣ ಬರುತ್ತದೆ. ತಡೆಯುವುದು ಹೊರಗಿನ ಗಾಜು. ಅದು ಒಡೆದ ಮೇಲೂ ಕೆಲವು ಬಲ್ಬ್‌ಗಳು ಉರಿಯುತ್ತಲೇ ಇರುತ್ತವೆ. ಕೆಳಗೆ ದುಡಿಯುವವರಿಗೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ಮೈ ಚರ್ಮ ಕೆಂಪಾಗುತ್ತದೆ. ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾರೆ. ದೀಪದ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ?

ಬಲ್ಬ್ ಹತ್ತದಿದ್ದರೆ ಸ್ವಿಚ್ ಆಫ್ ಮಾಡದೇ ಹೋಲ್ಡರ್ ಅಲ್ಲಾಡಿಸುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ದೀಪ ಹೊತ್ತಿಸಲು ಇಗ್ನೈಟರ್ ಸಾಮಾನ್ಯವಾಗಿ 3,000ದಿಂದ 5,000 ವೋಲ್ಟ್ ತನಕ ಹೊಡೆತ ಕೊಡುತ್ತದೆ. ಬಲ್ಬ್ ಸತ್ತಿದ್ದರೂ ಕೊಡುತ್ತಲೇ ಇರಬಹುದು. ಮೇನ್ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್‌ನಲ್ಲಿ ನೋಡಿ, ಆಮೇಲೆ ಏಣಿ ಹತ್ತಲಿ. ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಮೇನ್ ಆಫ್ ಆದ ಮೇಲೂ ಉಳಿದ ಚಾರ್ಜ್ ಕೂಡ ಮರೆಯುವಂಥದ್ದಲ್ಲ.

ಕರೆಂಟ್ ಹೋಗಿ ಬಂದಾಗ ದೀಪ ತಕ್ಷಣ ಹತ್ತದಿದ್ದರೆ ಅದು ಕೆಟ್ಟಿದೆ ಅಂತಲ್ಲ. ಬಿಸಿ ಆರಬೇಕು, 10–15 ನಿಮಿಷ ಬೇಕಾಗಬಹುದು. ಸುಮ್ನೆ ಕಾಯಿರಿ. ಹೊಸ ಬಲ್ಬ್ ತರುವಾಗ ವ್ಯಾಟ್ ಒಂದೇ ನೋಡಿದರೆ ಸಾಲದು, ಬಲ್ಬಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಬ್ಯಾಲಸ್ಟ್‌ಗೂ ಇಗ್ನೈಟರ್‌ಗೂ ಹೊಂದಬೇಕು.

ಹಳೆಯ ಬಲ್ಬನ್ನು ಒಡೆದು ಕಸಕ್ಕೆ ಸುರಿಯಬೇಡಿ. ಅದರಲ್ಲಿ ಪಾದರಸ ಇದೆ. ಬೇರೆಯಾಗಿ ಕಟ್ಟಿಟ್ಟು ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಕೊಡಿ.

– ಒಬ್ಬ ಎಲೆಕ್ಟ್ರಿಷಿಯನ್